ಒಂದು ನಿಮಿಷದ ಸಿನಿಮಾಕ್ಕೆ ಎಷ್ಟು ನಮಸ್ಕಾರ?

ಕಳೆದ ಭಾನುವಾರ ನನ್ನ ಸಿನಿಮಾ ಬಿಡುಗಡೆಯಾಯಿತು.

ನಗಬೇಡಿ. ನಿಜವಾಗಿಯೂ ಆಯಿತು. ದಾವಣಗೆರೆಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ, ಬಾಡಿಗೆಗೆ ತಂದ ಕಲರ್ ಟಿವಿಯಲ್ಲಿ. ಹಾರ ಇತ್ತು, ಪ್ರಾರ್ಥನೆ ಇತ್ತು, ಮೈಕ್ ಟೆಸ್ಟಿಂಗ್ ಇತ್ತು, ಕೊನೆಗೆ ಮೈಸೂರುಪಾಕು ಮತ್ತು ಖಾರ ಇತ್ತು. ನಡುವೆ ಎಲ್ಲೋ ಒಂದು ನಿಮಿಷ ಸಿನಿಮಾನೂ ಇತ್ತು. ಅದರ ನಾಯಕಿ ನಾನೇ. (ಈ ಸುದ್ದಿ ಕೇಳಿ ನಮ್ಮ ಯಜಮಾನರು ಪೇಪರ್ ಕೆಳಗಿಟ್ಟು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದ್ದರು.) ಸಿನಿಮಾ ಮುಗಿದಾಗ ಜೋರು ಚಪ್ಪಾಳೆ. ನನಗೆ ಮಾತ್ರ ಎದ್ದು ಹೋಗಿ ಟಿವಿಯ ವೈರ್ ಕಿತ್ತು ಬಿಸಾಡಬೇಕು ಅನ್ನಿಸಿತು.

ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ತಾಳ್ಮೆ ಇರಲಿ.

ನಾನು ಹರಿಹರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್ ಎನ್ನುವುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಹೋದ ವರ್ಷ ನಮ್ಮ ಹೆಡ್‌ಮಾಸ್ತರು ಕರೆದು, "ಇನ್ಮುಂದೆ ಎಲ್ಲಾ ಕಂಪ್ಯೂಟರ್‌ನಾಗೇ ಐತ್ರಿ ಮೇಡಂ. ಚಿತ್ರಾನೂ ಅದೇ ಬರೀತೈತೆ. ನೀವೂ ಒಂದು ಕೋರ್ಸ್ ಮಾಡಿ ಇಟ್ಕೊಳ್ರಿ" ಎಂದರು. ಕೊನೆಯ ಪೀರಿಯಡ್ ಬಿಟ್ಟು ಹೋಗಲು ಪರ್ಮಿಷನ್ನೂ ಕೊಟ್ಟರು. ಸರಿ, ಸೇರಿದೆ. ಕಂಪ್ಯೂಟರ್ ಆನಿಮೇಷನ್ ಡಿಪ್ಲೊಮಾ. ಬೋರ್ಡಿನಲ್ಲಿ ಹಾಗಂತ ಬರೆದಿದ್ದಾರೆ. ಒಳಗೆ ಹೋದರೆ ಟೈಪಿಂಗ್ ಕಲಿಯುವ ಸಾಲು ಮಷೀನುಗಳು, ಮೂಲೆಯಲ್ಲಿ ಪರದೆ ಹಾಕಿದ ಏಸಿ ಕೋಣೆ, ಅದರೊಳಗೆ ಆನಿಮೇಷನ್ ಮಾಡಬಲ್ಲ ಒಂದೇ ಒಂದು ಮಷೀನು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಗರ್ಭಗುಡಿ!

ಕೋರ್ಸಿನ ಕೊನೆಗೆ ಟೀಮ್ ಪ್ರಾಜೆಕ್ಟ್ ಅಂತ ಒಂದಿರುತ್ತದೆ. ನಮ್ಮದು ಮೂವರ ಟೀಮು. ಒಬ್ಬಳು ನಾನು. ಇನ್ನೊಬ್ಬ ವೀರೇಶ, ಕೆಳಗಿನ ಬಟ್ಟೆ ಅಂಗಡಿಯ ಸಾಹುಕಾರರ ಮಗ. ಇಡೀ ಬಿಲ್ಡಿಂಗೇ ಅವರದು. ಒಳ್ಳೆಯ ಹುಡುಗ, ಯಾರಿಗೂ ಇಲ್ಲ ಅನ್ನುವವನಲ್ಲ. (ಇದು ಹೊಗಳಿಕೆಯಲ್ಲ ಎನ್ನುವುದು ಮುಂದೆ ಗೊತ್ತಾಗುತ್ತದೆ.) ಮೂರನೆಯವಳು ನಸೀಮಾ. ಮಲೆಬೆನ್ನೂರಿನ ಹುಡುಗಿ, ತಂದೆಯದು ಅಲ್ಲಿ ಬಳೆ ಅಂಗಡಿ. ದಿನಾ ಒಂದೇ ಬಸ್ಸಿನಲ್ಲಿ ನಾವಿಬ್ಬರೂ ವಾಪಸ್ ಬರುತ್ತಿದ್ದೆವು. ನಾನು ಹರಿಹರದಲ್ಲಿ ಇಳಿಯುತ್ತಿದ್ದೆ, ಅವಳು ಮುಂದೆ ಹೋಗುತ್ತಿದ್ದಳು.

ಈ ನಸೀಮಾ ಮಾತು ಕಡಿಮೆ, ಕಣ್ಣು ಜಾಸ್ತಿ. ಬಸ್‌ಸ್ಟ್ಯಾಂಡಿನಲ್ಲಿ ನಾವೆಲ್ಲ ಬಸ್ಸು ನೋಡುತ್ತಿದ್ದರೆ ಇವಳು ಜನರ ಕಾಲು ನೋಡುತ್ತಿರುತ್ತಾಳೆ. ಯಾರು ಹಿಮ್ಮಡಿ ಒತ್ತಿ ನಡೆಯುತ್ತಾರೆ, ಭಾರದ ಚೀಲ ಹಿಡಿದವರ ಯಾವ ಭುಜ ಇಳಿಯುತ್ತದೆ, ಎಲ್ಲ ಅವಳಿಗೆ ಬೇಕು. ಪ್ರಾಜೆಕ್ಟಿಗೆ ಏನು ಮಾಡೋಣ ಎಂದು ಕೂತಾಗ ಅವಳೇ ಹೇಳಿದಳು.

"ಮೇಡಂ, ಸಿಟ್ಟು ಮಾಡ್ಕೊಬ್ಯಾಡ್ರಿ. ನೀವು ಬಸ್ಸಿಗೆ ಓಡ್ತೀರಲ್ಲ, ಅದನ್ನ ಮಾಡ್ಲೇನ್ರಿ?"

ನಾನು ಬಸ್ಸಿಗೆ ಓಡುವುದು ಈ ಜಿಲ್ಲೆಗೇ ಗೊತ್ತಿರುವ ವಿಷಯ. ಸೆರಗು ಸೊಂಟಕ್ಕೆ, ಕೊಡೆ ಕಂಕುಳಿಗೆ, ಬ್ಯಾಗು ಒಮ್ಮೆ ಈ ಕೈಗೆ, ಒಮ್ಮೆ ಆ ಕೈಗೆ. ಮಾಡು ತಾಯಿ ಎಂದೆ.

ಅವಳು ಮಾಡಿದಳು ನೋಡಿ! ಕಂಪ್ಯೂಟರಿನಲ್ಲಿ ಒಂದು ಹೆಜ್ಜೆ ಹಾಕಿಸಬೇಕೆಂದರೆ ಪಾದ, ಮೊಣಕಾಲು, ಸೊಂಟ ಎಲ್ಲವನ್ನೂ ಒಂದೊಂದಾಗಿ ಚೂರು ಚೂರೇ ಸರಿಸುತ್ತಾ ಹೋಗಬೇಕು. ವಾರಗಟ್ಟಲೆ ಕೂತಳು. ಕೊನೆಗೆ ಪರದೆಯ ಮೇಲೆ ಒಬ್ಬ ದಪ್ಪ ಹೆಂಗಸು ಓಡಿದಳು. ಬಸ್ಸು ಹೊರಡುತ್ತಿದೆ. ಓಡುತ್ತಾಳೆ. ಒಂದು ಚಪ್ಪಲಿ ಕಳಚುತ್ತದೆ. ಹಿಂದಕ್ಕೆ ಬರುತ್ತಾಳೆ, ಮೆಟ್ಟಿಕೊಳ್ಳುತ್ತಾಳೆ, ಮತ್ತೆ ಓಡುತ್ತಾಳೆ. ಕಂಡಕ್ಟರು ಕೈ ಚಾಚುತ್ತಾನೆ. ಹತ್ತುತ್ತಾಳೆ. ಸೀಟಿನಲ್ಲಿ ಕುಕ್ಕರಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಕಿಟಕಿ ಕಡೆ ತಿರುಗಿ ತನ್ನಷ್ಟಕ್ಕೆ ತಾನು ನಗುತ್ತಾಳೆ. ಅಷ್ಟೇ ಕಥೆ. ನಾನು ಹಾಗೆ ನಗುತ್ತೇನೆಂದು ನನಗೇ ಗೊತ್ತಿರಲಿಲ್ಲ. "ಈ ನಗು ಸಲುವಾಗೇ ಉಳಿದದ್ದೆಲ್ಲ ಮಾಡೇನ್ರಿ" ಎಂದಳು ನಸೀಮಾ.

ಇಲ್ಲಿ ಒಂದು ಮಾತು. ನಮ್ಮ ಸರ್, ಅಂದರೆ ಇನ್‌ಸ್ಟಿಟ್ಯೂಟ್ ನಡೆಸುವವರು, ಹೊಸ ಬ್ಯಾಚಿಗೆ ಕಲಿಸಲು ನಮ್ಮಲ್ಲೇ ಒಬ್ಬರನ್ನು ತೆಗೆದುಕೊಳ್ಳುತ್ತೇನೆ, ಪ್ರಾಜೆಕ್ಟ್ ನೋಡಿ ತೀರ್ಮಾನ ಮಾಡುತ್ತೇನೆ ಎಂದಿದ್ದರು. ನನಗೆ ನೌಕರಿ ಇದೆ. ವೀರೇಶನಿಗೆ ಅಂಗಡಿ ಇದೆ. ನಸೀಮಾಗೆ? ಕೋರ್ಸ್ ಮುಗಿದ ಮರುದಿನದಿಂದ ಆ ಮಷೀನನ್ನು ಮುಟ್ಟಲು ಅವಳಿಗೆ ಬೇರೆ ದಾರಿಯೇ ಇರಲಿಲ್ಲ. ಮಲೆಬೆನ್ನೂರಿನಲ್ಲಿ ಅಂಥದ್ದು ಎಲ್ಲಿದೆ? ದಾವಣಗೆರೆಯಲ್ಲೇ ಇನ್ನೊಂದು ಇದ್ದಂತಿಲ್ಲ. ಕೆಲಸ ಸಿಕ್ಕರೆ ಕಂಪ್ಯೂಟರ್ ಉಂಟು, ಇಲ್ಲದಿದ್ದರೆ ಇಲ್ಲ. ಚಿತ್ರಗಾರ್ತಿಯೊಬ್ಬಳ ಕೈಯಿಂದ ಬ್ರಷ್ ಕಸಿದುಕೊಂಡು ಕಳಿಸಿದ ಹಾಗೆ. ಇದು ನಮಗೆಲ್ಲ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಆಮೇಲೆ ಶುರುವಾಯಿತು ನಮಸ್ಕಾರ.

ಮೊದಲು ಸರ್ ಬಂದು ನೋಡಿದರು. "ಚೊಲೋ ಐತೆ. ಆದ್ರೆ ಹಿಂಗೆ ಒಮ್ಮೆಲೇ ಬಸ್ಸಿಂದ ಶುರು ಮಾಡಿದ್ರೆ ಹೆಂಗ್ರಿ? ಮೊದ್ಲು ದೇವ್ರು ಬರಬೇಕು" ಎಂದರು. ಸರಿ, ದೇವರಿಗೆ ಯಾರು ಬೇಡ ಅನ್ನುತ್ತಾರೆ? ವೀರೇಶ ಅಕ್ಷರ ಮಾಡುವುದರಲ್ಲಿ ಗಟ್ಟಿಗ. ದೇವರ ಹೆಸರಿನ ಬಂಗಾರದ ಬಣ್ಣದ ಅಕ್ಷರಗಳು ದೂರದಿಂದ ತಿರುಗುತ್ತಾ ಬಂದು ಫಳಕ್ಕನೆ ಹೊಳೆದು ನಿಂತವು. ನೋಡಲು ಭರ್ಜರಿ.

ಆದರೆ ಪ್ರಾಜೆಕ್ಟು ಒಂದೇ ನಿಮಿಷ ಇರಬೇಕು. ಅದಕ್ಕಿಂತ ಉದ್ದವಾದರೆ ಮಷೀನು ಎತ್ತುವುದಿಲ್ಲ. ಒಂದೊಂದು ಚಿತ್ರವನ್ನೂ ಅದು ಬಿಡಿಬಿಡಿಯಾಗಿ ಬರೆದು ಜೋಡಿಸಬೇಕು, ಅದಕ್ಕೆ ರೆಂಡರಿಂಗ್ ಅನ್ನುತ್ತಾರೆ. ಬಂಗಾರದ ಹೊಳಪಿದ್ದರಂತೂ ಹೆರಿಗೆ ನೋವು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಅಂದಮೇಲೆ ದೇವರು ಬಂದರೆ ಯಾರೋ ಒಬ್ಬರು ಜಾಗ ಬಿಡಬೇಕಲ್ಲ? ಕಳಚಿದ ಚಪ್ಪಲಿ ಹೋಯಿತು.

"ಇರಲಿ ಬಿಡ್ರಿ. ದೇವ್ರ ಸಲುವಾಗಿ ಅಲ್ಲೇನ್ರಿ" ಎಂದಳು ನಸೀಮಾ.

ದೇವರ ಹಿಂದೆ ಪೂಜ್ಯರ ಆಶೀರ್ವಾದ ಬಂತು. ಆಶೀರ್ವಾದದ ಹಿಂದೆ ಸರ್ ಹೆಸರು. ಸರ್ ಹೆಸರು ಬಂದಮೇಲೆ ಬಿಲ್ಡಿಂಗಿನ ಮಾಲೀಕರದು ಬೇಡವೇ? ವೀರೇಶ ನನ್ನ ಮುಂದೆ ಕೈ ಹಿಸುಕುತ್ತಾ ನಿಂತ.

"ಅಪ್ಪಾಜಿ ಕೇಳಿಲ್ಲ ಮೇಡಂ. ಆದ್ರೂ ನಾವು ಹಾಕ್ದಿದ್ರೆ ಏನಂತ ತಿಳ್ಕೊತಾರೆ?"

"ಏನೂ ತಿಳ್ಕೊಳ್ಳಲ್ಲಪ್ಪ. ಇದು ಸಿನಿಮಾ. ಲಗ್ನಪತ್ರಿಕೆ ಅಲ್ಲ" ಎಂದೆ.

"ಹಂಗಲ್ರಿ, ಮುಲಾಜು ಇರ್ತೈತಲ್ರಿ."

ಮುಲಾಜು! ನಮ್ಮೂರುಗಳಲ್ಲಿ ಈ ಪದದ ಮುಂದೆ ವಾದ ಮಾಡಿ ಗೆದ್ದವರನ್ನು ನಾನು ಇನ್ನೂ ನೋಡಿಲ್ಲ. ಯಾರೂ ಕೇಳಿರುವುದಿಲ್ಲ, ಯಾರೂ ಹೇಳಿರುವುದಿಲ್ಲ, ಆದರೆ ಎಲ್ಲರೂ ಹೆದರಿರುತ್ತಾರೆ. ಸಭೆಯಲ್ಲಿ ವೇದಿಕೆ ಮೇಲಿರುವ ಪ್ರತಿಯೊಬ್ಬರ ಹೆಸರೂ ಹೇಳಿ, ಬಿಟ್ಟುಹೋದವರಿದ್ದರೆ ಕ್ಷಮೆ ಕೇಳಿ, ಅಷ್ಟರಲ್ಲಿ ಭಾಷಣದ ಟೈಮೇ ಮುಗಿದಿರುತ್ತದಲ್ಲ, ಅದೇ ರೋಗ ಈಗ ಕಂಪ್ಯೂಟರಿಗೂ ಅಂಟಿತು. ಮಷೀನು ಹೊಸದು ಬಂತು. ನಾವು ಹೊಸಬರಾದೆವೇ?

ನಾನು ಸರ್ ಹತ್ತಿರ ಹೋಗಿ ಜಗಳವನ್ನೇ ಮಾಡಿದೆ. ಹೆಸರಿಗೆಲ್ಲ ಒಂದು ಬ್ಯಾನರ್ ಬರೆಸಿ ಗೋಡೆಗೆ ಕಟ್ಟೋಣ, ನಾನೇ ಬರೆದುಕೊಡುತ್ತೇನೆ, ಸಿನಿಮಾ ಬಿಡಿ ಎಂದೆ. ಅವರು ನಕ್ಕರು. "ನೀವು ಆರ್ಟಿಸ್ಟು ಮೇಡಂ, ನಿಮಗೆ ವ್ಯವಹಾರ ತಿಳಿಯಲ್ಲ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ." ಸಾಹುಕಾರರ ಹೆಸರು ತಿರುಗುತ್ತಾ ಬಂತು, ಕಂಡಕ್ಟರು ಚಾಚಿದ ಕೈ ಸಮೇತ ಮಾಯವಾದ. ಮುಖ್ಯ ಅತಿಥಿಗಳ ಹೆಸರು ಬಂತು, ಓಟ ಅರ್ಧವಾಯಿತು.

ಆಗ ನಾನೊಂದು ಕರಾರು ಹಾಕಿದೆ. ಇನ್ನು ಒಂದಕ್ಷರ ಸೇರಿಸಕೂಡದು. ಹೆಂಗಸು ಬಸ್ ಹತ್ತಲೇಬೇಕು, ಆ ನಗು ಇರಲೇಬೇಕು. ವೀರೇಶ ಆಯ್ತು ಎಂದ. ಸರ್ ಆಯ್ತು ಎಂದರು. ಅವತ್ತು ಬಸ್ಸಿನಲ್ಲಿ ನಸೀಮಾ ಹರಿಹರ ಬರುವವರೆಗೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ನಾನು ಇಳಿಯುವಾಗ ಮಾತ್ರ ಕೇಳಿದಳು: "ನಗು ಇರ್ತೈತಲ್ರಿ, ಮೇಡಂ?"

"ಇರ್ತದೆ" ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ.

ಭಾನುವಾರ ಬಂತು. ಸಾಹುಕಾರರು ಮುಂದಿನ ಸಾಲಿನಲ್ಲಿ. ಪಕ್ಕದಲ್ಲಿ ಮುಖ್ಯ ಅತಿಥಿಗಳು. ಅವರ ಪಕ್ಕ, ನನಗೆ ಆಶ್ಚರ್ಯವಾಗುವಂತೆ, ಇಸ್ತ್ರಿ ಮಾಡಿದ ಸಫಾರಿ ಹಾಕಿಕೊಂಡು ನಮ್ಮ ಹೆಡ್‌ಮಾಸ್ತರು! ಇವರನ್ನು ಯಾರು ಕರೆದರು? ವೀರೇಶ ನನ್ನ ಕಡೆ ನೋಡಿ ನಗುತ್ತಿದ್ದ. ಹಿಂದಿನ ಸಾಲಿನಲ್ಲಿ ನಸೀಮಾ, ಅವಳ ಪಕ್ಕ ಮೊದಲ ಸಲ ಅಂಗಡಿಗೆ ಬೀಗ ಹಾಕಿ ಮಗಳ ಕೆಲಸ ನೋಡಲು ಬಂದ ಅವಳ ತಂದೆ.

ಟಿವಿ ಹಚ್ಚಿದರು. ದೇವರು ತಿರುಗಿದ. ಪೂಜ್ಯರು ತಿರುಗಿದರು. ಸರ್ ತಿರುಗಿದರು, ಸಾಹುಕಾರರು ತಿರುಗಿದರು, ಅತಿಥಿಗಳು ತಿರುಗಿದರು. ಒಬ್ಬೊಬ್ಬರಿಗೂ ಚಪ್ಪಾಳೆ. ಇನ್ನು ಬಸ್ಸು ಬರಬೇಕು. ಬರಲಿಲ್ಲ. ಮತ್ತೊಂದು ಸಾಲು ಬಂಗಾರದ ಅಕ್ಷರ ತಿರುಗುತ್ತಾ ಬಂತು. ನಮ್ಮ ಹೆಡ್‌ಮಾಸ್ತರ ಹೆಸರು! ಅವರ ಡಿಗ್ರಿ ಸಮೇತ.

ವೀರೇಶ ಹಿಂದಿನಿಂದ ಬಗ್ಗಿ ಪಿಸುಗುಟ್ಟಿದ. "ಸರ್‌ಪ್ರೈಸ್ ಮೇಡಂ. ನೀವು ಬಾಯಿಬಿಟ್ಟು ಕೇಳೋರಲ್ಲ ಅಂತ ಗೊತ್ತಿತ್ತು. ಎಲ್ಲರ ಕಡೆಯೋರ್ದೂ ಹಾಕಿ ನಿಮ್ಮ ಕಡೆಯೋರ್ದು ಬಿಟ್ರೆ ತಪ್ಪಾಗ್ತೈತಲ್ರಿ."

ಹಾಗಾದರೆ ಯಾವುದು ಹೋಯಿತು?

ಬಸ್ಸು ಬಂತು. ದಪ್ಪ ಹೆಂಗಸು ಬಂದಳು. ಸೆರಗು ಸಿಕ್ಕಿಸಿ ನಾಲ್ಕು ಹೆಜ್ಜೆ ಓಡಿದಳು. ಬಸ್ಸಿನ ಮೆಟ್ಟಿಲಿಗೆ ಕಾಲೆತ್ತಿದಳು. ಕಾಲು ಗಾಳಿಯಲ್ಲಿರುವಾಗಲೇ, ಬಂಗಾರದ ಬಣ್ಣದಲ್ಲಿ, 'ವಂದನೆಗಳು.'

ಜೋರು ಚಪ್ಪಾಳೆ ಅಂದೆನಲ್ಲ, ಅದು ಇದಕ್ಕೆ.

ನಾನು ಹಿಂದೆ ತಿರುಗಿದೆ. ನಸೀಮಾ ಟಿವಿಯನ್ನೇ ನೋಡುತ್ತಿದ್ದಳು, ಇನ್ನೂ ಏನೋ ಬರುವುದಿದೆ ಎನ್ನುವಂತೆ. ಅವಳ ತಂದೆ ಪಾಪ, ಎಲ್ಲರೂ ತಟ್ಟುತ್ತಿದ್ದಾರೆಂದು ತಾವೂ ಚಪ್ಪಾಳೆ ತಟ್ಟುತ್ತಿದ್ದರು. "ನಿಂದು ಯಾವುದವ್ವಾ ಇದರಾಗೆ?" ಎಂದು ಮಗಳನ್ನು ಕೇಳಿದರು.

ಮುಖ್ಯ ಅತಿಥಿಗಳು ಮೈಕ್ ಹಿಡಿದು, "ಆ ಅಕ್ಷರ ಏನು ಹೊಳೆದಾವ್ರಿ! ನಮ್ಮ ದಾವಣಗೆರಿ ಹುಡುಗ್ರು ಯಾರಿಗೆ ಕಮ್ಮಿ? ಅಕ್ಷರ ಮಾಡಿದೋರು ಯಾರಪ್ಪ?" ಎಂದರು. ವೀರೇಶ ನಾಚಿಕೊಂಡು ಎದ್ದು ನಿಂತ. ಶಾಲು ಬಿತ್ತು. ಹೊಸ ಬ್ಯಾಚಿಗೆ ಇವನೇ ಕಲಿಸುತ್ತಾನೆ ಎಂದು ಸರ್ ಅಲ್ಲೇ ಘೋಷಣೆ ಮಾಡಿಬಿಟ್ಟರು. ಸಾಹುಕಾರರ ಎದುರಿಗೆ ಇನ್ನೇನು ಹೇಳಿಯಾರು? ಮುಲಾಜು. ವೀರೇಶನಿಗೂ ಈ ಕೆಲಸ ಬೇಕಿರಲಿಲ್ಲ. ಆದರೆ ತುಂಬಿದ ಸಭೆಯಲ್ಲಿ ಒಲ್ಲೆ ಅನ್ನುವುದು ಹೇಗೆ? ಅವನಿಗೂ ಮುಲಾಜು. ಇಡೀ ಮಹಡಿಯಲ್ಲಿ ಒಬ್ಬನೇ ಒಬ್ಬ ಕೆಟ್ಟವನಿರಲಿಲ್ಲ. ಒಬ್ಬ ಇದ್ದಿದ್ದರೆ ಅವನ ಮೇಲಾದರೂ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಮೈಸೂರುಪಾಕು ಹಂಚುವಾಗ ನಾನು ಸರ್ ಹತ್ತಿರ ಹೋದೆ. ಆ ಹುಡುಗಿಗೆ ವಾರಕ್ಕೊಂದು ದಿನವಾದರೂ ಮಷೀನು ಬಿಟ್ಟುಕೊಡಿ ಎಂದೆ. "ಹೊಸ ಬ್ಯಾಚ್ ಫುಲ್ ಆಗೈತ್ರಿ ಮೇಡಂ. ಸಿಸ್ಟಮ್ ಎಲ್ಲಿ ಖಾಲಿ ಇರ್ತೈತೆ?" ಎಂದರು. ಪೂರ್ತಿ ಓಟ, ಚಪ್ಪಲಿ, ಕಂಡಕ್ಟರು, ನಗು, ಅದನ್ನಾದರೂ ತೆಗೆದು ಇಟ್ಟಿದ್ದೀರಾ ಎಂದು ಕೇಳಿದೆ. "ಬಂಗಾರದ ಅಕ್ಷರಕ್ಕೆ ಡಿಸ್ಕಿನಾಗೆ ಜಾಗ ಸಾಲಲಿಲ್ರಿ. ಹಳೇದೆಲ್ಲ ಅಳಿಸಿಬಿಟ್ವಿ."

ಹಳೆಯದಂತೆ! ನಾನು ಮೈಸೂರುಪಾಕು ತಟ್ಟೆಯಲ್ಲೇ ಬಿಟ್ಟು ಹೊರಟೆ.

ನಾನು, ನಸೀಮಾ, ಅವಳ ತಂದೆ, ಮೂವರೂ ಬಸ್‌ಸ್ಟ್ಯಾಂಡಿಗೆ ಬಂದೆವು. ನಮ್ಮ ಬಸ್ಸು ಆಗಲೇ ಹೊರಡುತ್ತಿತ್ತು. ಅಭ್ಯಾಸಬಲ, ನಾನು ಸೆರಗು ಸಿಕ್ಕಿಸಿದೆ, ಕೊಡೆ ಕಂಕುಳಿಗೆ ಸೇರಿಸಿದೆ, ಓಡಿದೆ. ನಡುವೆ ತಿರುಗಿ ನೋಡಿದರೆ ಅವಳು ನಿಂತಲ್ಲೇ ನಿಂತಿದ್ದಳು. ಮೊದಲೆಲ್ಲ ನಾನು ಓಡುವಾಗ ನನ್ನ ಕಾಲನ್ನೇ ನೋಡುತ್ತಿದ್ದ ಹುಡುಗಿ ಅವತ್ತು ಬೇರೆಲ್ಲೋ ನೋಡುತ್ತಿದ್ದಳು. ನಾನೂ ಓಟ ನಿಲ್ಲಿಸಿದೆ. ಬಸ್ಸು ಹೋಯಿತು.

"ನೋಡ್ಲಿಲ್ಲೇನೇ ನನ್ನ ಓಟ?" ಎಂದೆ, ನಗಿಸೋಣ ಅಂತ.

"ನೋಡಿ ಏನ್ ಮಾಡ್ಲಿ ಮೇಡಂ?" ಎಂದಳು.

ಈಗ ನಮ್ಮ ಶಾಲೆಯಲ್ಲಿ ದಿನಾ ನನಗೆ ಅಭಿನಂದನೆ. ಹೆಡ್‌ಮಾಸ್ತರು ಬಂದವರಿಗೆಲ್ಲ ತಮ್ಮ ಹೆಸರು ಟಿವಿಯಲ್ಲಿ ಹೇಗೆ ತಿರುಗಿತು ಎಂದು ಕೈ ತಿರುಗಿಸಿ ತೋರಿಸುತ್ತಾರೆ. ಡಿಗ್ರಿಯೂ ಬಂತು ಎನ್ನುತ್ತಾರೆ. ನಾನು ತಲೆ ಆಡಿಸುತ್ತೇನೆ. ಇನ್ನೇನು ಮಾಡಲಿ? ಮೊನ್ನೆ ಸರ್ಟಿಫಿಕೇಟಿಗೆಂದು ದಾವಣಗೆರೆಗೆ ಹೋಗಿ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದರು.

ಅಷ್ಟೊಂದು ಜನ ಕೂತಿದ್ದರಲ್ಲ, ಗಾಳಿಯಲ್ಲಿ ಕಾಲೆತ್ತಿದ್ದ ಆ ಹೆಂಗಸು ಕೊನೆಗೆ ಬಸ್ ಹತ್ತಿದಳೋ ಇಲ್ಲವೋ ಎಂದು ಅವರಲ್ಲಿ ಒಬ್ಬರಾದರೂ ಕೇಳಬಾರದಿತ್ತೇ?