ರೇಲಿನ್ ಯಾರ ಲೆಕ್ಕಕ್ಕೆ?

ವರ್ಲೀನ್ ಸ್ಟಿಲ್ಟ್ನರ್ ಹುಟ್ಟಾ ಪುಕ್ಕಲಿ. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಕಾರು ತಿರುಗಿಸಿಕೊಂಡು ಬರುವ ಪೈಕಿ. ಅವಳು ಅಡುಗೆ ಕೆಲಸ ಮಾಡುವ ಶಾಲೆಯಲ್ಲಿ ಜೊತೆಗಾರ್ತಿಯರಿಗೆ ಬೇಸರವಾದಾಗೆಲ್ಲ "ವರ್ಲೀನ್, ಹಿಂದೆ ಕರಡಿ!" ಎಂದು ಕೂಗುತ್ತಿದ್ದರು. ಅವಳು ಪ್ರತಿ ಸಲವೂ ಸೌಟು ಕೆಳಗೆ ಹಾಕುತ್ತಿದ್ದಳು, ಅವರು ಪ್ರತಿ ಸಲವೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗುವವರಿಗೇನು, ಗಣಿಯ ಸೈರನ್ ಕೂಗಿದರೆ ಅಂಗಳದಲ್ಲೇ ಕುಸಿದು ಕೂರುತ್ತಿದ್ದ ತಾಯಿಯ ಹೊಟ್ಟೆಯಲ್ಲಿ ಅವರೇನೂ ಹುಟ್ಟಿರಲಿಲ್ಲ. ಗಂಡ ಹಾರ್ಲನ್ ಕಲ್ಲಿದ್ದಲ ಧೂಳು ಕುಡಿದೂ ಕುಡಿದೂ ಉಸಿರು ಸಿಗದೆ ಸತ್ತಿದ್ದನ್ನೂ ಅವರು ಮಗ್ಗುಲಲ್ಲಿ ಕೂತು ನೋಡಿರಲಿಲ್ಲ.

ಇಂಥ ಹೆಂಗಸಿನ ಮಡಿಲಿಗೆ ಮಗಳು ಟೋಷಾ ತನ್ನ ಎರಡು ವರ್ಷದ ಹೆಣ್ಣು ಕೂಸನ್ನು ಹಾಕಿ, "ಸೋಮವಾರ ಬರ್ತೀನಿ" ಅಂದು ಹೋದಳು. ಆ ಸೋಮವಾರ ಇನ್ನೂ ಬಂದಿಲ್ಲ. ಕೂಸಿಗೆ ಈಗ ಏಳು, ಹೆಸರು ರೇಲಿನ್. ಟೋಷಾ ಇರುವುದು ಬೆಕ್ಲಿ ಪಟ್ಟಣದಲ್ಲಿ, ಕೈಲ್ ಎಂಬವನ ಜೊತೆ. ಕ್ರಿಸ್‌ಮಸ್‌ಗೊಮ್ಮೆ, ಮನಸ್ಸು ಬಂದರೆ ಹುಟ್ಟುಹಬ್ಬಕ್ಕೊಮ್ಮೆ ಮುಖ ತೋರಿಸುತ್ತಾಳೆ. ಮಗುವನ್ನು ಅಜ್ಜಿಗೆ ಒಪ್ಪಿಸಿದ್ದಕ್ಕೆ ಕೋರ್ಟಿನ ಕಾಗದ ಪತ್ರ ಒಂದೂ ಇಲ್ಲ. "ಹೋಗಿ ಮಾಡಿಸ್ಕೊಳ್ಳೇ" ಎಂದು ಊರಿನಲ್ಲಿ ಹೇಳದವರಿಲ್ಲ. ಕೋರ್ಟಿಗೆ ಹೋದರೆ ಟೋಷಾಗೆ ಕರೆ ಹೋಗುತ್ತದೆ, ಅವಳಿಗೆ ಸಿಟ್ಟು ಬರುತ್ತದೆ, ಸಿಟ್ಟಿನಲ್ಲಿ ಮಗುವನ್ನು ಎತ್ತಿಕೊಂಡು ಹೋಗುತ್ತಾಳೆ. ಸುಮ್ಮನಿರಲಾರದೆ ಮೈಮೇಲೆ ಇರುವೆ ಯಾಕೆ ಬಿಟ್ಟುಕೊಳ್ಳಲಿ ಎಂದು ವರ್ಲೀನ್ ಐದು ವರ್ಷ ಉಸಿರು ಬಿಗಿಹಿಡಿದೇ ಬದುಕಿದಳು.

ಅಮೆರಿಕದ ವೆಸ್ಟ್ ವರ್ಜೀನಿಯಾದ ಆ ಕಲ್ಲಿದ್ದಲ ಕಣಿವೆಯಲ್ಲಿ ಫೆಬ್ರವರಿ ಅಂದರೆ ಸುಗ್ಗಿ. ತೆರಿಗೆ ಲೆಕ್ಕ ಕೊಟ್ಟವರಿಗೆ ಸರ್ಕಾರದಿಂದ ದುಡ್ಡು ಬರುವ ಕಾಲ. ವರ್ಷವಿಡೀ ಬೋಳಾಗಿದ್ದ ಟೈರು ಆಗ ಬದಲಾಗುತ್ತದೆ, ಹಲ್ಲು ಕೀಳಿಸಿಕೊಳ್ಳುವವರು ಆಗ ಕೀಳಿಸಿಕೊಳ್ಳುತ್ತಾರೆ. ಮಕ್ಕಳನ್ನು ಲೆಕ್ಕದಲ್ಲಿ ತೋರಿಸಿದವರಿಗೆ ಹೆಚ್ಚು, ಆದರೆ ಒಂದು ಮಗುವನ್ನು ಒಬ್ಬರೇ ತೋರಿಸಬೇಕು. ಹಾಗಾಗಿ "ಈ ಸಲ ಮಗುನ ಯಾರು ಹಾಕ್ಕೋತೀರಿ?" ಎನ್ನುವ ಮಾತು ಅಲ್ಲಿ "ಊಟ ಆಯ್ತಾ" ಎಂದಷ್ಟೇ ಸಲೀಸು. ಅಕ್ಕ ತಂಗಿಗೆ ಮಗುವನ್ನು ಲೆಕ್ಕಕ್ಕೆ ಕೊಡುವುದು, ತಂಗಿ ಅದಕ್ಕೆ ಬದಲಾಗಿ ಮೈಕ್ರೋವೇವ್ ಕೊಡಿಸುವುದು, ಇವೆಲ್ಲ ನಡೆಯುತ್ತವೆ. ಕಾನೂನು ಒಪ್ಪುವುದಿಲ್ಲ, ಆದರೆ ಕಾನೂನಿಗೆ ಆ ಕಣಿವೆಯ ದಾರಿ ಅಷ್ಟಾಗಿ ಗೊತ್ತಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ ಶನಿವಾರ ಶನಿವಾರ ಪುಕ್ಕಟೆ ಲೆಕ್ಕ ಬರೆದುಕೊಡುತ್ತಿದ್ದವರು ಆರ್ವಿಲ್ ಕೆಸ್ಲರ್, ಬ್ಯಾಂಕಿನಿಂದ ನಿವೃತ್ತರಾದ ಮನುಷ್ಯ. ಪ್ರತಿ ವರ್ಷದಂತೆ ವರ್ಲೀನಳ ಲೆಕ್ಕವನ್ನೂ ಕಂಪ್ಯೂಟರಿನಲ್ಲಿ ಕಳಿಸಿದರು. ಅವಳ ಕಾಫಿ ಮುಗಿಯುವಷ್ಟರಲ್ಲಿ ಅದು ಹಿಂದಕ್ಕೆ ಬಂದಿತ್ತು.

"ರೇಲಿನ್‌ನ ಆಗಲೇ ಬೇರೆ ಯಾರೋ ಹಾಕ್ಕೊಂಡಿದ್ದಾರೆ, ವರ್ಲೀನ್."

ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ವರ್ಲೀನ್ ಕೈಚೀಲವನ್ನು ಎದೆಗೆ ಅವುಚಿಕೊಂಡಳು.

"ಹೆದರ್ಬೇಡಿ. ಮಗು ನಿಮ್ಮನೇಲೇ ಬೆಳೀತಿರೋದು, ಹಕ್ಕು ನಿಮ್ಮದು. ಕಾಗದದಲ್ಲಿ ಬರೆದು ಕಳಿಸೋಣ. ಶಾಲೆಯವರು, ಡಾಕ್ಟ್ರು ಒಂದು ಮಾತು ಬರ್ಕೊಟ್ರೆ ಸಾಕು. ತೆರಿಗೆ ಆಫೀಸಿನವರು ಇಬ್ಬರಿಗೂ ಪತ್ರ ಹಾಕ್ತಾರೆ."

"ಇಬ್ಬರಿಗೂನಾ?"

"ಕೇಳ್ಬೇಕಲ್ಲ, ಮಗು ಎಲ್ಲಿತ್ತು ಅಂತ."

ಅಷ್ಟೇ ಸಾಕಾಯಿತು. ಬೇರೆಯವರಾಗಿದ್ದರೆ ದುಡ್ಡು ಹೋಯಿತಲ್ಲ ಎಂದು ಎದೆ ಬಡಿದುಕೊಳ್ಳುತ್ತಿದ್ದರು; ವರ್ಲೀನಳಿಗೆ ಕಂಡದ್ದು ಆ ಪತ್ರ ಒಡೆದು ಓದುತ್ತಿರುವ ಟೋಷಾಳ ಮುಖ. "ಅವಳಿಗೆಷ್ಟು ಬಂದಿರುತ್ತೆ?" ಎಂದು ಕೇಳಿದಳು.

"ಹೋದ ವರ್ಷ ಏನು ಕೆಲಸ ಮಾಡಿದ್ಳು?"

"ಮಾಡ್ಲಿಲ್ಲ. ಹೋಟ್ಲು ಲಾಂಡ್ರಿ ಮುಚ್ಚಿದ್ಮೇಲೆ ಬರೀ ನಿರುದ್ಯೋಗ ಭತ್ಯೆ."

ಕೆಸ್ಲರ್ ಕನ್ನಡಕ ತೆಗೆದರು. "ಹಂಗಾದ್ರೆ ಏನೂ ಬಂದಿರಲ್ಲ. ನೋಡಿ, ಮಕ್ಕಳ ಹೆಸರಲ್ಲಿ ಕೊಡೋ ರಿಯಾಯ್ತಿ ಎರಡು ಥರ. ಒಂದು ಅಂಗಡಿ ಕೂಪನ್ ಇದ್ದಂಗೆ. ಬಿಲ್ಲಲ್ಲಿ ಕಡಿಮೆ ಮಾಡ್ತಾರೆ, ಚಿಲ್ಲರೆ ವಾಪಸ್ ಕೊಡಲ್ಲ. ಕಟ್ಟೋ ತೆರಿಗೇನೇ ಸೊನ್ನೆ ಆದ್ರೆ ಕೂಪನ್ ಯಾತಕ್ಕೆ? ಇನ್ನೊಂದು, ತೆರಿಗೆ ಇಲ್ದಿದ್ರೂ ಕೈಗೆ ಬರೋದು. ನಿಮಗೆ ವರ್ಷವರ್ಷ ಬರೋದು ಅದೇ. ಆದ್ರೆ ಅದು ದುಡಿದ ಸಂಬಳದ ಮೇಲೆ ಅಳೆದು ಕೊಡೋದು. ಭತ್ಯೆ ಸಂಬಳ ಅಲ್ಲ. ಸಂಬಳ ಇಲ್ಲ, ದುಡ್ಡೂ ಇಲ್ಲ."

"ಅಂದ್ರೆ ನನಗೂ ಇಲ್ಲ, ಅವಳಿಗೂ ಇಲ್ಲ."

"ಹೂಂ. ನೀವು ಕಾಗದ ಕಳಿಸದಿದ್ರೆ ಯಾರ ಹೊಟ್ಟೇನೂ ತುಂಬಲ್ಲ."

ಆ ದುಡ್ಡಿಲ್ಲದಿದ್ದರೆ ಮನೆ ಬೆಚ್ಚಗಿಡುವ ಹೀಟರ್ ರಿಪೇರಿಯಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಕೆಸ್ಲರ್ ಕೊಟ್ಟ ಕಾಗದಕ್ಕೆ ಸಹಿ ಹಾಕಲಿಲ್ಲ. ಕಾಗದಗಳನ್ನು ಕೈಚೀಲಕ್ಕೆ ತುರುಕಿಕೊಂಡು ಮನೆಗೆ ಬಂದಳು. ಆ ವಾರವೆಲ್ಲ ರಸ್ತೆಯಲ್ಲಿ ಕಾರು ನಿಧಾನವಾದರೆ ಸಾಕು, ಅವಳ ಜೀವ ಬಾಯಿಗೆ ಬರುತ್ತಿತ್ತು. ರೇಲಿನ್‌ಗೆ ಅಂಗಳದಲ್ಲಿ ಆಡಬೇಡ ಎಂದಳು, ಯಾಕೆ ಎಂದು ಕೇಳಿದ್ದಕ್ಕೆ ಗದರಿಸಿದಳು, ಆಮೇಲೆ ತಾನೇ ಅತ್ತಳು.

ಭಾನುವಾರ ಮಧ್ಯಾಹ್ನ ಬೀನ್ಸ್ ಬೇಯುತ್ತಿದ್ದಾಗ ಒಂದು ಕಾರು ನಿಧಾನವಾಯಿತು, ನಿಂತಿತು. ಟೋಷಾ ಇಳಿದಳು. ಕಿಟಕಿಯಲ್ಲಿ ನಿಂತ ವರ್ಲೀನ್ ಮಗಳನ್ನು ನೋಡಲಿಲ್ಲ. ಕಾರಿನ ಹಿಂದುಗಡೆ ಮಕ್ಕಳನ್ನು ಕೂರಿಸುವ ಹೊಸ ಸೀಟು, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ. ಅವಳು ನೋಡಿದ್ದು ಅದನ್ನು.

"ರೇಲಿನ್, ಒಳಗಿನ ಕೋಣೆಗೆ ಹೋಗು. ಟಿವಿ ಜೋರಾಗಿ ಹಾಕ್ಕೋ."

ಟೋಷಾ ಕುರ್ಚಿ ಎಳೆದು ಕೂತಳು, ಕೋಟು ತೆಗೆಯಲಿಲ್ಲ. "ಅಮ್ಮ, ಹೇಳಿಬಿಡ್ತೀನಿ. ಈ ಸಲ ಅವಳನ್ನ ನಾನು ಹಾಕ್ಕೊಂಡೆ."

"ಗೊತ್ತು."

"ಬಯ್ಯಲ್ವಾ?"

"ಬೈದ್ರೆ ನೀನು ಬಾಗ್ಲು ಬಡ್ಕೊಂಡು ಹೋಗ್ತೀಯ. ಕಾಫಿ ಕುಡಿ."

"ಒಂದು ಸೆಂಟೂ ಬರಲಿಲ್ಲಮ್ಮ. ಕೈಲ್ ಸಾವಿರಗಟ್ಟಲೆ ಬರುತ್ತೆ ಅಂದಿದ್ದ. ಈಗ ಹೇಳ್ತಾನೆ, ಮಗು ನಮ್ಮನೇಲಿ ಇಲ್ದಿದ್ದಕ್ಕೇ ಬರಲಿಲ್ಲ, ಕರ್ಕೊಂಡು ಬಂದು ಇಟ್ಕೊಂಡ್ರೆ ಬರೋ ವರ್ಷ ಬಂದೇ ಬರುತ್ತೆ ಅಂತ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಆ ಕೈಲ್. ಆದರೆ ಅವನನ್ನು ಆಡಿಕೊಳ್ಳುವ ಹೊತ್ತಲ್ಲ ಅದು. ವರ್ಲೀನ್ ಲೋಟವನ್ನು ಮೇಜಿನ ಮೇಲಿಟ್ಟು ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು. ಜನ್ಮದಲ್ಲಿ ಮೊದಲ ಸಲ ಅವಳು ಹೆದರಿಕೆಯ ನಡುವೆಯೇ ಮಾತಾಡಿದಳು. ಕೂಪನ್ನಿನ ಮಾತು, ಚಿಲ್ಲರೆಯ ಮಾತು, ಸಂಬಳದ ಮಾತು, ಕೆಸ್ಲರ್ ಹೇಳಿದ್ದನ್ನೆಲ್ಲ ಹೇಳಿದಳು. ಎರಡು ಕಡೆ ತಪ್ಪಿದಳು, ತಿದ್ದಿಕೊಂಡಳು. ಟೋಷಾ ನಂಬದ ಕಣ್ಣಿನಲ್ಲಿ ನೋಡುತ್ತಿದ್ದಳು.

"ಅವಳು ನಮ್ಮನೇಲಿ ವರ್ಷಪೂರ್ತಿ ಇದ್ರೂ ಬರಲ್ವಾ?"

"ನೂರು ವರ್ಷ ಇದ್ರೂ ಬರಲ್ಲ. ಸಂಬಳ ಇಲ್ದೋರಿಗೆ ಆ ಮಗುವಿಂದ ಏನೂ ಇಲ್ಲ, ಟೋಷಾ. ಒಂದು ಸೆಂಟಿನ ಪ್ರಯೋಜನ ಇಲ್ಲ ಅವಳಿಂದ ನಿನಗೆ. ಖರ್ಚು ಒಂದೇ." ಮಾತು ತಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

"ಕೆಲಸಕ್ಕೆ ಸೇರಿದ್ರೆ?"

ಸುಳ್ಳು ಹೇಳಬಹುದಿತ್ತು. "ಸೇರಿದ್ರೆ ಬರುತ್ತೆ," ಎಂದಳು ವರ್ಲೀನ್.

ಟೋಷಾ ನಕ್ಕಳು, ಅಂಥ ನಗು ಕೇಳಲಾಗುವುದಿಲ್ಲ. "ಕೆಲಸ! ಬೆಕ್ಲಿಲಿ ಮರದಲ್ಲಿ ಬಿಡುತ್ತಾ?" ಕಾಫಿ ಲೋಟವನ್ನು ಆಚೆ ಸರಿಸಿದಳು. "ನಾನೂ ಅಂದ್ಕೊಂಡಿದ್ದೆ, ಅಮ್ಮ, ದುಡ್ಡು ಬಂದ್ರೆ ಅವಳನ್ನ ಇಟ್ಕೋಬಹುದೇನೋ ಅಂತ. ಬರೀ ಕೈಲ್‌ದಲ್ಲ ಆ ಆಸೆ."

ವರ್ಲೀನಳಿಗೆ ಅಲ್ಲಿಯವರೆಗೆ ಮಗಳ ಮೇಲಿದ್ದ ಸಿಟ್ಟೆಲ್ಲ ಕರಗಿತು. ಆದರೂ "ಇಟ್ಕೋ" ಎನ್ನಲು ಬಾಯಿ ಬರಲಿಲ್ಲ.

"ನನ್ನ ಲೆಕ್ಕದಿಂದ ತೆಗೆಸಿಬಿಡ್ತೀನಿ. ನೀನೇ ಹಾಕ್ಕೋ," ಎಂದು ಟೋಷಾ ಎದ್ದಳು. ಮಗುವನ್ನು ಕರೆಯಲಿಲ್ಲ. ನೋಡಿದರೆ ಹೋಗಲಾಗುವುದಿಲ್ಲ ಎಂದಳು. ಕಾರು ತಿರುವು ದಾಟಿ ಸದ್ದಡಗುವವರೆಗೂ ವರ್ಲೀನ್ ಬಾಗಿಲಲ್ಲೇ ನಿಂತಿದ್ದಳು, ಕಂಬ ಹಿಡಿದುಕೊಂಡು.

ಗೆದ್ದೆ ಅಂದುಕೊಂಡು ಒಳಗೆ ತಿರುಗಿದಳು. ಕೋಣೆಯ ಬಾಗಿಲು ತೆರೆದಿತ್ತು. ಟಿವಿ ಹಾಕಿರಲೇ ಇಲ್ಲ. ರೇಲಿನ್ ಬರಿಗಾಲಲ್ಲಿ ಹೊಸ್ತಿಲ ಮೇಲೆ ನಿಂತಿದ್ದಳು.

"ಅಜ್ಜಿ, ಅಮ್ಮನಿಗೆ ನನ್ನಿಂದ ಏನೂ ಬರಲ್ವಾ?"

ವರ್ಲೀನ್ ಒಲೆ ಆರಿಸಿದಳು.

"ನಿನಗೆ ಬರುತ್ತಾ?"

ದುಡ್ಡಿಗಲ್ಲ ಕಂದ, ನೀನು ನನ್ನ ಜೀವ, ಇಂಥದ್ದೇನೋ ಹೇಳಬೇಕಿತ್ತು. ಆದರೆ ಆ ಮುಖದಲ್ಲಿದ್ದ ಭಯ ತನ್ನದೇ ಭಯವಾಗಿತ್ತು, ಅದನ್ನು ಅವಳು ಒಂದು ಗಳಿಗೆಯೂ ನೋಡಲಾರದೆ ಹೋದಳು. "ಬರುತ್ತೆ," ಎಂದಳು, "ನನಗೆ ತುಂಬಾ ಬರುತ್ತೆ."

ರೇಲಿನ್ ಉಸಿರು ಬಿಟ್ಟಳು. "ಹಂಗಾದ್ರೆ ನನ್ನನ್ನ ಕಳಿಸಲ್ಲ ಬಿಡು ನೀನು," ಎಂದು ಸಮಾಧಾನವಾಗಿ ಊಟಕ್ಕೆ ತಟ್ಟೆ ತೆಗೆದಳು.