ಟಗರಿಗೂ ಸಿಕ್ಕ ಸಿಂಗಾಪುರದ ಕೆಲಸ

ಸೇಲಂ ಬಸ್ ನಿಲ್ದಾಣದ ಹತ್ತಿರದ ಒಂದು ಮಹಡಿಯಲ್ಲಿ ಆಗಷ್ಟೇ ಇಂಟರ್‌ನೆಟ್ ಸೆಂಟರ್ ತೆರೆದಿದ್ದರು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಡಿಗ್ರಿ ಮುಗಿಸಿ, ಟೈಪಿಂಗ್ ಕಲಿತು, ಕೆಲಸ ಹುಡುಕುತ್ತಿದ್ದೆ. ಕಾರಿಮಂಗಲಂ ಕಡೆಯ ನಮ್ಮ ಊರಿನಲ್ಲಿ, ಕುರಿ ಸಾಕಿ ಬದುಕುವ, ಕನ್ನಡ ಮಾತಾಡುವ ನಮ್ಮ ಮನೆತನದಲ್ಲಿ, ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನೇ. ಕೆಲಸ ಬೇಕಾದವರು ಹೆಸರು ಹಾಕುವ ಪುಟವೊಂದಿದೆ ಎಂದು ಸೆಂಟರಿನವನು ತೋರಿಸಿದ. ಹಾಕಿ ಬಂದೆ. ಮುಂದಿನ ವಾರ ಹೋಗಿ ನೋಡಿದರೆ ಉತ್ತರ ಬಂದು ಕೂತಿದೆ! ಸಿಂಗಾಪುರದ ಕಂಪನಿಯೊಂದರಲ್ಲಿ ನನಗೆ ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆಯಂತೆ.

ಮನೆಗೆ ಬಂದು ಹೇಳಿದಾಗ ಅಪ್ಪ ನಂಬಲಿಲ್ಲ ಎನ್ನುವುದಕ್ಕಿಂತ, ನಂಬುವುದಕ್ಕೆ ಅವನಿಗೆ ಧೈರ್ಯ ಸಾಲಲಿಲ್ಲ. ಕಣ್ಣಾರೆ ನೋಡಬೇಕೆಂದು ಮಾರನೆಯ ದಿನ ಒಗೆದ ಪಂಚೆ ಉಟ್ಟು ನನ್ನ ಜೊತೆ ಬಸ್ಸು ಹತ್ತಿದ. ಸೆಂಟರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಫೋನಿನ ತಂತಿ ಕೂಡಿಕೊಳ್ಳುವಾಗ ಕಂಪ್ಯೂಟರಿನ ಪಕ್ಕದ ಪೆಟ್ಟಿಗೆ ಕೀಚ್ ಕೀಚ್ ಎಂದು ಕಿರುಚಿತಲ್ಲ, ಆಗ ಎರಡು ಹೆಜ್ಜೆ ಹಿಂದೆ ಸರಿದ. ಪರದೆಯ ಮೇಲೆ ನನ್ನ ಹೆಸರು ಮೂಡಿದ್ದೇ ತಡ, ಕೈಮುಗಿದುಬಿಟ್ಟ.

"ತಂಬಿ, ಇದು ವರ ಎತ್ತನೆ ನಾಳಾಚ್ಚು?" ಎಂದು ತಮಿಳಿನಲ್ಲಿ ಸೆಂಟರಿನವನನ್ನು ಕೇಳಿದ. ಬರುವುದಕ್ಕೆ ಎಷ್ಟು ದಿನ ಹಿಡಿಯಿತೆಂದು ಅವನ ಪ್ರಶ್ನೆ. ಸೆಂಟರಿನವನು ನಕ್ಕು, ದಿನವೆಲ್ಲ ಬೇಡ, ಒಂದೇ ನಿಮಿಷ ಎಂದ.

"ಅಡೇಯಪ್ಪಾ!" ಎಂದ ಅಪ್ಪ. ನನಗೂ ಹಾಗೇ ಅನ್ನಿಸಿತ್ತು. ಸಮುದ್ರದಾಚೆ ಯಾರೋ ಕೂತು ನನ್ನ ಹೆಸರು ಬರೆದರೆ ಅದು ಸೇಲಂನಲ್ಲಿ ನನ್ನ ಕಣ್ಣ ಮುಂದೆ ಬೆಳಗುತ್ತದಲ್ಲ! ಆ ಬೆರಗು ಇವತ್ತಿಗೂ ನನ್ನಿಂದ ಪೂರ್ತಿ ಹೋಗಿಲ್ಲ.

ವಾಪಸು ಬರುವಾಗ, ಬಸ್ಸು ತೊಪ್ಪೂರು ಘಾಟಿ ಏರುತ್ತಿತ್ತು. ಅಪ್ಪ ನನ್ನ ಕಡೆ ತಿರುಗಿದ. "ನಾನು ಒಬ್ಬ ಕುರಿ ಕಾಯೋನ್ನ ಇಟ್ಕಬೇಕಾದ್ರೆ ಹೊತ್ತು ಮುಳುಗಾಗಂಟ ನೋಡ್ತೀನಿ. ಅವ್ರು ನಿನ್ನ ಮೊಕ ನೋಡಿಲ್ಲ, ಒಂದು ಮಾತೂ ಕೇಳಿಲ್ಲ. ಆದ್ರೂ ನೀನು ಜಾಣೆ ಅಂತ ಗೊತ್ತಾಗೋಯ್ತಲ್ಲವ್ವ! ಎಂತಾ ದೊಡ್ಡೋರಿರಬೇಕು!"

ಅವನು ಹೇಳಿದ್ದು ಅಪ್ಪಟ ಆಶ್ಚರ್ಯದಿಂದ. ನಾನು ಮಾತ್ರ ಆ ಮಾತನ್ನೇ ಮತ್ತೆ ಮತ್ತೆ ಯೋಚಿಸತೊಡಗಿದೆ.

ಅಪ್ಪ ಆಳು ಇಟ್ಟುಕೊಳ್ಳುವ ರೀತಿ ನನಗೆ ಗೊತ್ತಿತ್ತು. ಬಂದವನ ಕೈಗೆ ತನ್ನ ಕೋಲು ಕೊಟ್ಟು, ಇಕ್ಕೆಲದಲ್ಲೂ ಕಡಲೇಕಾಯಿ ಬೆಳೆದ ಓಣಿಯಲ್ಲಿ ಮಂದೆ ಹೊಡೆಸುತ್ತಿದ್ದ. ತಾನು ಬೆನ್ನ ಹಿಂದೆ ಕೈಕಟ್ಟಿಕೊಂಡು ಹಿಂದಿನಿಂದ ನಡೆಯುತ್ತಿದ್ದ. ಒಂದು ಕುರಿ ಒಂದು ಎಲೆಗೆ ಬಾಯಿ ಹಾಕಿದರೂ ಬೈಗುಳದ ಮಳೆ. ಯಾವುದೂ ಬಾಯಿ ಹಾಕದಿದ್ದರೂ ಏನಾದರೂ ಹುಡುಕಿ ಬೈಯುತ್ತಿದ್ದ. ಬೈಯದೆ ಅವನು ಯಾರನ್ನೂ ಇಟ್ಟುಕೊಂಡಿದ್ದೇ ಇಲ್ಲ. ನಾಲ್ಕು ಕುರಿ ಕಾಯುವವನಿಗೇ ಇಷ್ಟು ಪರೀಕ್ಷೆಯಾದರೆ ಮ್ಯಾನೇಜರಿಗೆ?

ಆ ಕಂಪನಿಯವರು ನನ್ನ ಅಸಲು ಸರ್ಟಿಫಿಕೇಟುಗಳನ್ನು ಅಂಚೆಯಲ್ಲಿ ಕಳಿಸಲು ಹೇಳಿದ್ದರು, ಖರ್ಚಿಗೆಂದು ಬ್ಯಾಂಕಿನಲ್ಲಿ ಹಣ ಕಟ್ಟಿ ಒಂದು ಡಿಡಿ ಕೂಡ. ಡಿಡಿಗಾಗಿ ಅಪ್ಪ ಟಗರನ್ನು ಮಾರುವುದೆಂದು ತೀರ್ಮಾನಿಸಿದ. ಸುರುಳಿ ಕೊಂಬಿನ ಆ ಟಗರು ಅವನ ಹೆಮ್ಮೆ. ಮಂದೆಯೆಲ್ಲ ಅದರ ಸಂತಾನವೇ. ತಾರಮಂಗಲಂನಿಂದ ಗಿರಾಕಿಗಳು ಬಂದು ಅಂಗಲಾಚಿದಾಗಲೂ ಕೊಟ್ಟಿರಲಿಲ್ಲ. ಟಗರು ಹೋದರೆ ಮಂದೆ ಬಡವಾಗುತ್ತಿತ್ತು. ಸರ್ಟಿಫಿಕೇಟು ಹೋದರೆ ನನ್ನ ಓದೇ ಹೋದಂತೆ.

ಉತ್ತರ ಬರೆಯಬೇಕೆಂದು ಸುಳ್ಳು ಹೇಳಿ ಒಬ್ಬಳೇ ಸೇಲಂಗೆ ಹೋದೆ. ಹೊಸ ಇ-ಮೇಲ್ ವಿಳಾಸ ತೆರೆದು, ಅದೇ ಕಂಪನಿಗೆ ಇನ್ನೊಂದು ಅರ್ಜಿ ಹೊಡೆದೆ. ಹೆಸರು: ಟಗರು. ಅನುಭವ: ಗುಡ್ಡದಲ್ಲಿ ಮೇಯುವುದು, ಗುದ್ದುವುದು. ಓದು: ಇಲ್ಲ. ಸೆಂಟರಿನವನು ಬಗ್ಗಿ ನೋಡಿ, "ಎನ್ನಮ್ಮಾ ಇದು?" ಎಂದು ಬಾಯಿ ಬಿಟ್ಟುಕೊಂಡು ನಿಂತ. ನಿಜವಾದ ಕಂಪನಿಯಾದರೆ ಇಂಥ ಅರ್ಜಿಗೆ ಉಗಿದು ಬರೆದಾರು, ಇಲ್ಲವೇ ಸುಮ್ಮನಿದ್ದಾರು. ಉಗಿಯಲಿ ದೇವರೇ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೇಡಿಕೊಂಡೆ.

ಎರಡು ದಿನ ಬಿಟ್ಟು ಹೋಗಿ ತೆರೆದೆ. ಡಿಯರ್ ಮಿಸ್ಟರ್ ಟಗರು, ಅಭಿನಂದನೆಗಳು. ತಮ್ಮ ಅಪಾರ ಅನುಭವವನ್ನು ಮೆಚ್ಚಿ ತಮ್ಮನ್ನು ಮ್ಯಾನೇಜರಾಗಿ ಆರಿಸಲಾಗಿದೆ.

ಸೆಂಟರಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ನಗುತ್ತಲೇ ಕಣ್ಣಲ್ಲಿ ನೀರು ಬಂತು, ಆಮೇಲೆ ನಗು ನಿಂತು ನೀರು ಮಾತ್ರ ಉಳಿಯಿತು. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತೆಂದು ನನಗೆ ತಿಳಿದದ್ದು ಆಗಲೇ.

ಹಟ್ಟಿಯಲ್ಲಿ ಟಗರಿನ ಕೊಂಬಿಗೆ ಎಣ್ಣೆ ಸವರುತ್ತಿದ್ದ ಅಪ್ಪನಿಗೆ ಎಲ್ಲ ಹೇಳಿದೆ. ಮಾರುವ ಮುಂಚೆ ಚೆನ್ನಾಗಿ ಕಾಣಲೆಂದು ಸವರುತ್ತಿದ್ದ. ಕೈ ನಿಂತಿತು.

"ನಿನಗೆ ಅಸಿಸ್ಟೆಂಟು, ಇದುಕ್ಕೆ ಮ್ಯಾನೇಜರಾ?"

"ಹೂಂ, ಅಪ್ಪ."

ಟಗರನ್ನೇ ದಿಟ್ಟಿಸಿದ. "ಮೋಸಗಾರ ನನ್ ಮಕ್ಳು," ಎಂದು ಎದ್ದವನು ಸೀದಾ ಟೀ ಅಂಗಡಿಗೆ ಹೋದ. ಮಗಳಿಗೆ ಸಿಂಗಾಪುರ ಎಂದು ಊರಿಗೆಲ್ಲ ಸಾರಿದ್ದವನು ಅವನೇ. ಈಗ, ಅದು ಮೋಸ, ನಾನು ಕೈಮುಗಿದು ಬಂದೆ, ಮಗಳು ಕಂಡುಹಿಡಿದಳು ಎಂದು ತಾನೇ ಹೇಳಿ, ಎಲ್ಲರ ಜೊತೆ ತಾನೂ ನಕ್ಕನಂತೆ. ಅದನ್ನು ಕೇಳಿ ನಾನು ಬೆರಗಾದೆ. ನನ್ನಿಂದ ಅದು ಆಗುತ್ತಿರಲಿಲ್ಲ.

ಕೆಲವು ತಿಂಗಳ ಮೇಲೆ ಎಡಪ್ಪಾಡಿಯ ಒಂದು ಜವಳಿ ಕಚೇರಿಯಲ್ಲಿ ಟೈಪಿಸ್ಟ್ ಬೇಕೆಂದು ತಿಳಿಯಿತು. ಇಬ್ಬರೂ ಹೋದೆವು. ಅಪ್ಪ ಹೊರಗಿನ ಬೆಂಚಿನಲ್ಲಿ ಕೂತ. ಒಳಗೆ ಕನ್ನಡಕದ ಅಮ್ಮ ಒಬ್ಬರು ನನಗೆ ಕಾಗದದ ಕಟ್ಟು ಕೊಟ್ಟು ಬೆನ್ನ ಹಿಂದೆಯೇ ನಿಂತರು. ಅವಸರದಲ್ಲಿ ಹೊಡೆದು ಅಕ್ಷರಗಳು ತಪ್ಪಿದವು. ಅವರು ಬೀದಿಗೆ ಕೇಳುವ ಹಾಗೆ ತಮಿಳಿನಲ್ಲಿ ಬೈದರು. ತಲೆ ತಗ್ಗಿಸಿ ಹೊರಗೆ ಬಂದೆ.

ಅಪ್ಪ ಎದ್ದು ನಿಂತಿದ್ದ. ಅವನ ಮುಖ ಅರಳಿತ್ತು.

"ಬೈದ್ರಾ?"

"ಬೈದರು."

"ಹಿಂದೆ ನಿಂತ್ಕಂಡು ನೋಡಿದ್ರಾ?"

"ಪೂರ್ತಿ."

"ಹಂಗಾರೆ ನಿಜವಾದ ಕೆಲಸ ಕಣವ್ವ! ಹೋಗು, ಒಳಿಕ್ಕೋಗಿ ಯಾವತ್ತಿಂದ ಬರ್ಬೇಕು ಅಂತ ಕೇಳು."

ಹೋಗಿ ಕೇಳಿದೆ. ಅವರು ತಲೆ ಎತ್ತದೆಯೇ, ಸೋಮವಾರ ಎಂದರು.