ಹಾಲಿನ ಡಬ್ಬದ ಮುಂದೆ ಬಾರದ ಮಾತು

ಎಂಟು ತೊಟ್ಟಿಲಲ್ಲಿ ಎಂಟು ಕೂಸು ಅಳುತ್ತಿದ್ದವು, ಒಬ್ಬರೂ ಎತ್ತಿಕೊಳ್ಳಲಿಲ್ಲ. ನಾನು ಕೋಲಾರಕ್ಕೆ ಬಂದ ದಿನ ಕಂಡದ್ದು ಇದು. ಒಂದನ್ನು ಎತ್ತಲು ಹೋದೆ. ಬಿಳಿ ದೊರೆಸಾನಿ ನನ್ನ ಕೈ ಹಿಡಿದು ನಿಲ್ಲಿಸಿ ಗೋಡೆ ಗಡಿಯಾರ ತೋರಿಸಿದಳು. ನಮ್ಮೂರಲ್ಲಿ ಕೂಸು ಅತ್ತರೆ ಹಾಲು. ಇಲ್ಲಿ ಗಂಟೆ ಹೊಡೆದರೆ ಹಾಲು.

ನಮ್ಮೂರು ಮುಳಬಾಗಿಲಿಂದ ಆಚೆ, ಮದರಾಸು ಸೀಮೆಯ ಗಡಿ ಹತ್ತಿರ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಸತ್ತ. ಅಣ್ಣನ ಮನೆಯಲ್ಲಿ ನಾನು ಉಣ್ಣುವ ಮುದ್ದೆ ಅತ್ತಿಗೆಗೆ ಭಾರವಾಯಿತು. ಆಗ ಯುದ್ಧ ನಡೆಯುತ್ತಿತ್ತು, ಪೆಟ್ರೋಲು ಸಿಗದೆ ಬಸ್ಸು ಇದ್ದಲು ಉರಿಸಿ ಓಡುತ್ತಿತ್ತು. ಅದರಲ್ಲಿ ಮಸಿ ಬಳಿದುಕೊಂಡು ಬಂದು, ತಾಯಿಯಿಲ್ಲದ ಕೂಸುಗಳನ್ನು ಸಾಕುತ್ತಿದ್ದ ಆ ದೊರೆಸಾನಿಯ ಮನೆಯಲ್ಲಿ ಆಯಾ ಆದೆ. ಆ ಮನೆ ಈಗಿಲ್ಲ.

ಮಲಗಲು ಹಿತ್ತಿಲಲ್ಲಿ ಒಂದು ಕೋಣೆ. ನಮ್ಮಲ್ಲಿ ನೆಲಕ್ಕೆ ಸಗಣಿ ಬಳಿಯುತ್ತಾರೆ, ಅಲ್ಲಿ ಫಿನಾಯಿಲು. ತಿನ್ನುವ ಅನ್ನವೂ ಅದೇ ವಾಸನೆ ಹೊಡೆಯುತ್ತಿತ್ತು. ತೆಲುಗು ಕೇಳಿ ಎಷ್ಟು ದಿನವಾಯಿತೋ ಎಂದು ನೀರು ಸೇದುವಾಗ ನನಗೆ ನಾನೇ ಮಾತಾಡಿಕೊಳ್ಳುತ್ತಿದ್ದೆ.

ದೊರೆಸಾನಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಮಾತು ಬರದು. ಮೂರು ತಿಂಗಳಲ್ಲಿ ಕಲಿಯದಿದ್ದರೆ ವಾಪಸು ಬಸ್ಸು ಹತ್ತಬೇಕು. ಕಲಿಸಿದವಳು ಹಳೇ ಆಯಾ ರಾಹೇಲಮ್ಮ. ಹೆಸರು ಹೇಳದೆ ಏನನ್ನೂ ಕೈಗೆ ಕೊಡಳು.

"ಅಕ್ಕ, ಹಸಿವಾಗ್ತೈತೆ, ತಟ್ಟೆ ಕೊಡು."

"ಪ್ಲೇಟು ಅನ್ನು, ಮುದ್ದೆ ಇಕ್ತೀನಿ. ತಟ್ಟೆ ಅಂದ್ರೆ ಬರೀ ತಟ್ಟೆ ಕೊಡ್ತೀನಿ ಕಣೇ."

ಹಾಗೆ ಪ್ಲೇಟು, ಸ್ಪೂನು, ಟವಲು, ಬಾಟ್ಲು, ಹಾಟು, ಕ್ಲೀನು. ನಾಲಿಗೆ ತಿರುಗಿತು. ಒಂದು ದಿನ ನಾನಾಗಿಯೇ "ಬೇಬಿ ಸ್ಲೀಪ್, ಮೇಡಮ್" ಅಂದೆ. ದೊರೆಸಾನಿ ತಲೆಯಾಡಿಸಿ ಹೋದಳು. ಆವತ್ತು ಒಂದು ಮುದ್ದೆ ಹೆಚ್ಚಿಗೆ ತಿಂದೆ.

ಶನಿವಾರ ಶನಿವಾರ ಬೆಂಗಳೂರಿಂದ ತರಿಸುವ ಸಾಮಾನಿನ ಪಟ್ಟಿ ಬರೆಯುತ್ತಿದ್ದರು. ಕಪಾಟಿನಲ್ಲಿ ಏನಿದೆ, ಏನಿಲ್ಲ ಎಂದು ರಾಹೇಲಮ್ಮ ಹೇಳುವಳು, ದೊರೆಸಾನಿ ಬರೆಯುವಳು. ಒಂದು ವಾರ ರಾಹೇಲಮ್ಮ ಮಗಳ ಹೆರಿಗೆಗೆಂದು ಮಾಲೂರಿಗೆ ಹೋಗಿದ್ದಳು. ಕಪಾಟಿನ ಮುಂದೆ ನಾನು ನಿಂತೆ.

ನಮ್ಮ ಕಡೆ ಹೆಂಗಸರು ಗಡಿಗೆಯ ತಳ ಕೆರೆಯುವುದಿಲ್ಲ, ಒಂದು ಹಿಡಿ ಬಿಡುತ್ತೇವೆ. ಇಲ್ಲ, ಖಾಲಿ ಅನ್ನೋ ಮಾತನ್ನ ಮನೆಯೊಳಗೆ ಆಡಬಾರದು. ಸ್ವಲ್ಪ ಐತೆ ಅಂತೀವಿ. ಕೇಳಿದವಳಿಗೆ ಅಷ್ಟು ಸಾಕು, ಆವತ್ತೇ ತರಿಸುತ್ತಾಳೆ.

ಎಂಪ್ಟಿ ಅನ್ನೋ ಪದ ನನಗೆ ಗೊತ್ತಿರಲಿಲ್ಲ ಅಂತಲ್ಲ. ರಾಹೇಲಮ್ಮ ಬರಿದಾದ ಬಾಟ್ಲು ಬೋರಲು ಹಾಕಿ ತೋರಿಸಿ ಕಲಿಸಿದ್ದಳು.

"ಮಿಲ್ಕ್?" ಅಂದಳು ದೊರೆಸಾನಿ.

ಪುಡಿಹಾಲಿನ ಡಬ್ಬದ ತಳದಲ್ಲಿ ಒಂದು ಹಿಡಿ ಇತ್ತು. ಎಂಟು ಕೂಸು ಮಲಗಿರೋ ಮನೆ. ಎಂಪ್ಟಿ ಅನ್ನಲು ಬಾಯಿ ಬರಲಿಲ್ಲ.

"ಲಿಟಲ್, ಮೇಡಮ್" ಅಂದೆ.

ವಾರಕ್ಕೆ ಆದೀತು ಎಂದುಕೊಂಡು ಅವಳು ಮುಂದಿನ ಸಾಮಾನಿಗೆ ಹೋದಳು. ಪಟ್ಟಿ ಹಿಡಿದು ಆಳು ರೈಲಿಗೆ ಹೋದ.

ಆ ರಾತ್ರಿಯೇ ಪುಡಿ ಮುಗಿಯಿತು. ಭಾನುವಾರ ಬೆಳಗ್ಗೆ ಇನ್ನೊಬ್ಬನನ್ನು ಬೆಂಗಳೂರಿಗೆ ಓಡಿಸಿದರು. ಯುದ್ಧದ ಕಾಲ, ಕೇಳಿದ ಕೂಡಲೇ ಸಿಗಲಿಲ್ಲ. ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸಿದೆವು. ಏಳು ಕೂಸು ತಡೆದುಕೊಂಡವು. ಎಲ್ಲಕ್ಕಿಂತ ಚಿಕ್ಕದು, ಇಪ್ಪತ್ತು ದಿನದ ಹೆಣ್ಣು, ಕುಡಿದದ್ದನ್ನೆಲ್ಲ ಕಕ್ಕಿತು, ಭೇದಿಯಾಯಿತು. ಈ ಸಲ ಗಡಿಯಾರ ನೋಡದೆ ಎತ್ತಿಕೊಂಡೇ ಇದ್ದೆ, ದೊರೆಸಾನಿ ಬೇಡ ಅನ್ನಲಿಲ್ಲ. ಬುಧವಾರ ನನ್ನ ತೊಡೆಯ ಮೇಲೇ ಸತ್ತಿತು. ಡಬ್ಬಗಳು ಗುರುವಾರ ಬಂದವು.

ರಾಹೇಲಮ್ಮ ವಾಪಸು ಬಂದು ಕೇಳಿದಳು. "ಎಂಪ್ಟಿ ಅನ್ಲಿಲ್ವೇನೇ?"

"ಹೆಂಗಕ್ಕ ಅನ್ಲಿ? ಕೂಸಿರೋ ಮನೇಲಿ."

"ಕೂಸಿರೋ ಮನೆ ಅಂತಲೇ ಅನ್ಬೇಕಾಗಿತ್ತು."

ನಮ್ಮ ಪದ್ಧತಿಯನ್ನು ಅವಳೇ ದೊರೆಸಾನಿಗೆ ವಿವರಿಸಿದಳು. ಡಬ್ಬದ ಮುಚ್ಚಳ ತೆಗೆದು ನೋಡದಿದ್ದದ್ದು ತನ್ನ ತಪ್ಪು ಎಂದಳಂತೆ ದೊರೆಸಾನಿ. ಕೆಲಸದಿಂದ ತೆಗೆಯಲಿಲ್ಲ. ಬೈದು ಕಳಿಸಿದ್ದರೆ ಹಗುರವಾಗುತ್ತಿತ್ತೇನೋ. ಆ ಕೂಸು ಹೇಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಸಮಾಧಾನ ಹೇಳಿದವರಿದ್ದಾರೆ. ಅವರಿಗೇನು ಗೊತ್ತು.

ಅಂದಿನಿಂದ ದಿನಾ ಬೆಳಗ್ಗೆ ಡಬ್ಬಗಳ ಮುಚ್ಚಳ ತೆಗೆದು ಗಟ್ಟಿಯಾಗಿ ಹೇಳುತ್ತಾ ಬಂದೆ. ಫುಲ್ಲು, ಹಾಫು, ಎಂಪ್ಟಿ. ವರ್ಷ ತುಂಬುವ ಹೊತ್ತಿಗೆ ನನ್ನ ಹತ್ತಿರ ಇನ್ನೂರು ಪದ ಇದ್ದವು. ಜಾಣೆ ಅಂದರು. ಅದರಲ್ಲಿ ಒಂದು ಪದಕ್ಕೆ ಬೆಲೆ ತೆತ್ತದ್ದು ನಾನಲ್ಲ.

ಸಂಕ್ರಾಂತಿಗೆ ಊರಿಗೆ, ಅಣ್ಣನ ಮನೆಗೆ ಹೋದೆ. ಒಲೆಯ ಮುಂದಿದ್ದ ಅಮ್ಮ ತೆಲುಗಲ್ಲಿ ಅಂದಳು, "ಹಿಟ್ಟೆಷ್ಟೈತೆ ನೋಡೇ."

ಗಡಿಗೆ ಬಗ್ಗಿಸಿ ನೋಡಿ "ಖಾಲಿ, ಏನೂ ಇಲ್ಲ" ಅಂದೆ.

ಅತ್ತಿಗೆ ಕಿಸಕ್ಕೆಂದಳು. "ದೊರೆಸಾನಿ ಬಂದವ್ಳೆ, ಚಾಪೆ ಹಾಸ್ರಪ್ಪ."

ಅಮ್ಮ ನಗಲಿಲ್ಲ. ಗಡಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹೇಳಿದಳು. "ಅಂಥ ಮಾತೆಲ್ಲ ನಿಮ್ಮೂರಲ್ಲಿ ಆಡ್ಕೋ."

ಯಾಕೆ ಹಾಗಂದೆ ಎಂದು ಹೇಳೋಣವೆಂದು ಕೂಸಿನ ಸುದ್ದಿ ನಾಲಿಗೆ ತುದಿಗೆ ಬಂತು. ಹಬ್ಬದ ಮನೆ, ಸಾವಿನ ಮಾತು ಆಡಬಾರದು. ಹಿಟ್ಟು ತರಲು ಎದ್ದೆ.

ಅಮ್ಮ ಸಾಯುವ ತನಕ ಅದು ಅವಳಿಗೆ ತಿಳಿಯಲಿಲ್ಲ. ಕೋಲಾರದಲ್ಲಿ ಇಷ್ಟು ವರ್ಷ ಬಾಳಿದ್ದೇನೆ. ನಿಮ್ಮೂರು ಯಾವುದಜ್ಜಿ ಎಂದು ಯಾರಾದರೂ ಕೇಳಿದರೆ ಈಗಲೂ ಮುಳಬಾಗಿಲ ಕಡೆ ಅನ್ನುತ್ತೇನೆ. ಅಲ್ಲಿ ನನ್ನನ್ನು ಹೆತ್ತವಳು ನಿಮ್ಮೂರು ಅಂದದ್ದು ಕೋಲಾರಕ್ಕೆ.